ಮಲೆನಾಡಿನ ಅಡಿಕೆ ರೈಲು ಹತ್ತಬಹುದೇ?

ಪ್ರಶ್ನೆ: ನಾನು ಸಾಗರ ಕಡೆಯ ಅಡಿಕೆ ಬೆಳೆಗಾರ. ನಮ್ಮ ಅಡಿಕೆ ಮಂಡಿಯಿಂದ ಉತ್ತರ ಭಾರತಕ್ಕೆ ಲಾರಿಯಲ್ಲೇ ಹೋಗುತ್ತದೆ. ತಾಳಗುಪ್ಪದವರೆಗೆ ಬ್ರಾಡ್‌ಗೇಜ್ ಹಳಿ ಇದೆಯಲ್ಲ, ರೈಲಿನಲ್ಲಿ ಯಾಕೆ ಕಳಿಸಬಾರದು? ಕಳಿಸಿದರೆ ಲಾರಿಯವರ ಗತಿ ಏನು?

ಉತ್ತರ: ಕಳಿಸಬಹುದು. ಆದರೆ ಶುರು ಮಾಡಬೇಕಾದ್ದು ಗೂಡ್ಸ್ ಗಾಡಿಯಿಂದಲ್ಲ. ಮುಚ್ಚಿದ ವ್ಯಾಗನ್ ಒಂದಕ್ಕೆ 60 ಟನ್ನಿಗೂ ಹೆಚ್ಚು ಹಿಡಿಯುತ್ತದೆ, ಪೂರ್ತಿ ರೇಕ್ ಎಂದರೆ ಅಂಥ ಸುಮಾರು 42 ವ್ಯಾಗನ್. ಯಾವ ಮಂಡಿಯೂ ಒಂದೇ ದಿನ ಒಂದೇ ಊರಿಗೆ ಅಷ್ಟು ಅಡಿಕೆ ಕಳಿಸುವುದಿಲ್ಲ. 20 ವ್ಯಾಗನ್ನಿನ ಮಿನಿ ರೇಕ್ ಕೂಡ ಮೆಕ್ಕೆಜೋಳಕ್ಕೆ ಸರಿ, ನಿಮಗೆ ದೊಡ್ಡದೇ.

ನಿಮಗೆ ಹೊಂದುವುದು ಪ್ಯಾಸೆಂಜರ್ ಗಾಡಿಗೆ ಜೋಡಿಸುವ ಪಾರ್ಸೆಲ್ ವ್ಯಾನ್. ಅದರಲ್ಲಿ 23 ಟನ್ ಆಸುಪಾಸು ಹಿಡಿಯುತ್ತದೆ, ಅಂದರೆ ಹೆಚ್ಚುಕಡಿಮೆ ಒಂದು ದೊಡ್ಡ ಲಾರಿ ಲೋಡು. ಅದನ್ನು ಬೀರೂರಿನಲ್ಲಿ ಹುಬ್ಬಳ್ಳಿ ಕಡೆಗೆ ಹೋಗುವ ಗಾಡಿಗೆ ಬದಲಿಸಿ ಜೋಡಿಸಬೇಕಾಗುತ್ತದೆ. ಶಿವಮೊಗ್ಗ–ಶಿಕಾರಿಪುರ–ರಾಣೆಬೆನ್ನೂರು ಹೊಸ ಮಾರ್ಗ ಮುಗಿದರೆ ಈ ಸುತ್ತು ತಪ್ಪುತ್ತದೆ. ಅದಕ್ಕೇ ಆ ಮಾರ್ಗ ಬೇಗ ಆಗಲಿ ಎಂದು ನಾನು ಹಂಬಲಿಸುತ್ತೇನೆ.

ನಿಜವಾದ ತೊಡಕು ಬಾಡಿಗೆಯಲ್ಲ, ಹಮಾಲಿ. ಲಾರಿಯಾದರೆ ಮಂಡಿಯಲ್ಲಿ ಒಮ್ಮೆ ಹೇರಿ, ಆ ಕಡೆಯ ಗೋದಾಮಿನಲ್ಲಿ ಒಮ್ಮೆ ಇಳಿಸಿದರೆ ಮುಗಿಯಿತು. ರೈಲಿಗೆ ಹಾಕುವುದಾದರೆ ಮೂಟೆ ಆರು ಸಲ ಕೈ ಬದಲಿಸುತ್ತದೆ: ಲಾರಿಗೆ, ಲಾರಿಯಿಂದ, ವ್ಯಾನಿಗೆ, ವ್ಯಾನಿನಿಂದ, ಮತ್ತೆ ಲಾರಿಗೆ, ಮತ್ತೆ ಕೆಳಕ್ಕೆ. ಪ್ರತಿ ಸಲವೂ ಕೂಲಿ, ಪ್ರತಿ ಸಲವೂ ಚೀಲ ಹರಿಯುವ ಭಯ. ದಾರಿ ಸಾವಿರಾರು ಕಿಲೋಮೀಟರ್ ಇದ್ದರೆ ಮಾತ್ರ ಬಾಡಿಗೆಯ ಉಳಿತಾಯ ಈ ಖರ್ಚನ್ನು ನುಂಗಿಕೊಳ್ಳುತ್ತದೆ. ದೆಹಲಿ, ಕಾನ್ಪುರಕ್ಕೆ ಲೆಕ್ಕ ಹಾಕಿ ನೋಡಿ, ಬೆಂಗಳೂರಿಗೆ ಬೇಡ.

ಕರಾವಳಿಗಂತೂ ಲಾರಿಯೇ. ಇಲ್ಲಿಂದ ರೈಲು ಘಟ್ಟ ಇಳಿಯಬೇಕೆಂದರೆ ಅರಸೀಕೆರೆ, ಹಾಸನ ಸುತ್ತಿ ಸಕಲೇಶಪುರ–ಸುಬ್ರಹ್ಮಣ್ಯ ದಾರಿ ಹಿಡಿಯಬೇಕು. ಆ 55 ಕಿ.ಮೀ.ಯಲ್ಲಿ 57 ಸುರಂಗಗಳಿವೆ, 50 ಅಡಿ ಹೋಗುವಷ್ಟರಲ್ಲಿ ಒಂದಡಿ ಇಳಿಜಾರು. ತಾಳಗುಪ್ಪದಿಂದ ನೇರವಾಗಿ ಹೊನ್ನಾವರಕ್ಕೆ ಹಳಿ ಹಾಕಿ ಎಂದು ಕೇಳುವವರಿದ್ದಾರೆ. ಸಿಂಗಳೀಕಗಳಿರುವ ಶರಾವತಿ ಕಣಿವೆಯ ಕಾಡು ಕಡಿದು ಹಾಕುವ ಹಳಿಯನ್ನು ಪರಿಸರದ ಹೆಸರಿನಲ್ಲಿ ಸಮರ್ಥಿಸಲು ನನ್ನಿಂದಾಗದು. ಇರುವ ಹಳಿಯನ್ನೇ ಮೊದಲು ಪೂರ್ತಿ ಬಳಸೋಣ.

ಪರಿಸರದ ಲಾಭವಂತೂ ದೊಡ್ಡದು. ಉಕ್ಕಿನ ಹಳಿಯ ಮೇಲೆ ಉಕ್ಕಿನ ಚಕ್ರಕ್ಕೆ ತಡೆ ತೀರಾ ಕಡಿಮೆ, ಹಾಗಾಗಿ ಅಷ್ಟೇ ಭಾರಕ್ಕೆ ಲಾರಿಗಿಂತ ಎಷ್ಟೋ ಕಡಿಮೆ ಇಂಧನ ಸಾಕು. ದೇಶದ ಸರಕಿನಲ್ಲಿ ಸದ್ಯ ಮೂರನೇ ಒಂದು ಪಾಲೂ ರೈಲಿನಲ್ಲಿ ಹೋಗುತ್ತಿಲ್ಲ. 2030ರೊಳಗೆ ಇದನ್ನು ಶೇ 45ಕ್ಕೆ ಏರಿಸುವುದು ರಾಷ್ಟ್ರೀಯ ರೈಲು ಯೋಜನೆಯ ಗುರಿ.

ಲಾರಿಯವರ ಕೆಲಸ ಹೋಗುವುದಿಲ್ಲ ಎಂದರೆ ಸುಳ್ಳಾದೀತು. ದೂರದ ಬಾಡಿಗೆ ಕೆಲವರ ಕೈತಪ್ಪುತ್ತದೆ. ಆದರೆ ತೋಟದಿಂದ ಮಂಡಿಗೆ, ಮಂಡಿಯಿಂದ ಸ್ಟೇಷನ್ನಿಗೆ ಗಾಡಿ ಬೇಕೇ ಬೇಕು. ಆ ಬಾಡಿಗೆಯನ್ನು ಊರಿನ ಲಾರಿಯವರಿಗೇ ಕೊಡುವ ಷರತ್ತನ್ನು ನಿಮ್ಮ ಸೊಸೈಟಿ ಮೊದಲೇ ಬರೆದುಕೊಳ್ಳಲಿ.

ರೈಲ್ವೆಯವರ ಬಳಿ ಒಬ್ಬೊಬ್ಬರೇ ಹೋಗಬೇಡಿ. ಸೊಸೈಟಿಯ ಮೂಲಕ ವಾರಕ್ಕೊಂದು ವ್ಯಾನಿನಷ್ಟು ಅಡಿಕೆ ಖಾತ್ರಿ ಎಂದು ತೋರಿಸಿ, ಮೈಸೂರು ವಿಭಾಗೀಯ ಕಚೇರಿಗೆ ಬರವಣಿಗೆಯಲ್ಲಿ ಕೇಳಿ. ಜೊತೆಗೆ ಸ್ಟೇಷನ್ನಿನಲ್ಲಿ ಅಡಿಕೆ ಇಡುವ ಜಾಗಕ್ಕೆ ಸೋರದ ಮಾಡು, ನೆಲದಿಂದ ಮೇಲೆ ಹಲಗೆ ಇರಲೇಬೇಕೆಂದು ಒತ್ತಾಯಿಸಿ. ಆಷಾಢದ ಮಳೆಯಲ್ಲಿ ಒಂದು ರಾತ್ರಿ ತೇವ ಹಿಡಿದರೆ ರಾಶಿಯ ಬಣ್ಣ ಕೆಡುತ್ತದೆ, ಆಮೇಲೆ ಬಾಡಿಗೆಯಲ್ಲಿ ಎಷ್ಟು ಉಳಿದರೂ ದರದಲ್ಲಿ ಹೋಗುತ್ತದೆ.