ಕತ್ತರಿಗಾಗಿ ಅಲೆದವನ ಕಂತು

ಗದಗದ ಓದುಗ ಮಿತ್ರರಿಗೆ ನಮಸ್ಕಾರ.

ನಿಮ್ಮ ನಾಲ್ಕು ಪುಟದ ಪತ್ರ ಹುಬ್ಬಳ್ಳಿಯ ನಮ್ಮ ಕಚೇರಿಗೆ ಬಂತು. ದೀಪಾವಳಿ ರಜೆಯಲ್ಲಿ ‘ಬ್ಯಾಂಡ್ ಆಫ್ ಬ್ರದರ್ಸ್’ ಎಂಬ, ಎರಡನೇ ಮಹಾಯುದ್ಧದ ಅಮೆರಿಕನ್ ಸೈನಿಕರ ಟಿವಿ ಧಾರಾವಾಹಿಯ ಹತ್ತೂ ಕಂತು ನೋಡಿದ್ದೀರಿ. ಆರನೆಯದನ್ನು ನೋಡಿ ಅತ್ತಿದ್ದೀರಿ. ಗೆಳೆಯರು ಮಾತ್ರ "ಅದರಾಗ ಯುದ್ಧಾನ ಇಲ್ಲ, ಬರೇ ಚಳಿ" ಎಂದರಂತೆ. ಜೊತೆಗೆ ಕೂತು ನೋಡುತ್ತಿದ್ದ ನಿಮ್ಮ ಕಾಕಾ ಅರ್ಧಕ್ಕೇ ಎದ್ದು ಹೊರಗೆ ಹೋದರಂತೆ. "ಅಮೆರಿಕದ ಸೈನಿಕರಿಗೆ ನಾನ್ಯಾಕೆ ಅಳಬೇಕು ಸರ್?" ಎಂದು ಕೊನೆಗೆ ಕೇಳಿದ್ದೀರಿ.

ಅತ್ತಿದ್ದು ಸರಿಯಾಗಿಯೇ ಇದೆ. 2001ರಲ್ಲಿ ಬಂದ ಆ ಧಾರಾವಾಹಿಯಲ್ಲಿ ನನಗೂ ಆರನೆಯ ಕಂತೇ ಎಲ್ಲಕ್ಕಿಂತ ದೊಡ್ಡದು. 1944ರ ಡಿಸೆಂಬರ್. ಬೆಲ್ಜಿಯಂನ ಬಾಸ್ಟೋನ್ ಊರನ್ನು ಜರ್ಮನ್ನರು ಸುತ್ತುವರಿದಿದ್ದಾರೆ. ಈಝಿ ಕಂಪನಿ ಎಂಬ ಅಮೆರಿಕನ್ ಸೇನಾ ತುಕಡಿಯ ಹುಡುಗರು ಕಾಡಿನಲ್ಲಿ ತಗ್ಗು ತೋಡಿಕೊಂಡು ಕೂತಿದ್ದಾರೆ. ಚಳಿಗಾಲದ ಬಟ್ಟೆ ಇಲ್ಲ. ಗಾಯಾಳುಗಳಿಗೆ ಚಿಕಿತ್ಸೆ ಕೊಡುವ ಮೆಡಿಕ್ ಯೂಜೀನ್ ರೋ ತಗ್ಗಿನಿಂದ ತಗ್ಗಿಗೆ ಓಡುತ್ತಾನೆ. ಕೇಳುವುದೇನು? ಒಂದು ಕತ್ತರಿ. ಒಂದಿಷ್ಟು ಬ್ಯಾಂಡೇಜ್. ಯಾರ ಕಿಸೆಯಲ್ಲಾದರೂ ಉಳಿದಿರುವ, ನೋವು ತಗ್ಗಿಸುವ ಮಾರ್ಫಿನ್. ಕತ್ತರಿ ಕೇಳುತ್ತ ಅಲೆಯುವುದನ್ನು ಇಷ್ಟು ಹೊತ್ತು ತೋರಿಸುವ ಧೈರ್ಯ ಎಷ್ಟು ಯುದ್ಧದ ಕಥೆಗಳಿಗಿದೆ, ಹೇಳಿ? ನಿಮ್ಮ ಗೆಳೆಯರು ಕಾಯುತ್ತಿದ್ದ ಯುದ್ಧ ಅದೇ ಆಗಿತ್ತು.

ಕಂತಿನ ಕೊನೆ ನೆನಪಿದೆ ಅಲ್ವಾ? ಆಸ್ಪತ್ರೆ ಮಾಡಿಕೊಂಡಿದ್ದ ಚರ್ಚಿನ ಮೇಲೆ ಬಾಂಬ್ ಬಿದ್ದಿದೆ. ಅವಶೇಷದಲ್ಲಿ ರೋನ ಕೈಗೆ ಸಿಗುವುದು ನರ್ಸ್ ರೆನೆ ತಲೆಗೆ ಕಟ್ಟಿಕೊಳ್ಳುತ್ತಿದ್ದ ನೀಲಿ ಬಟ್ಟೆ. ಆಮೇಲೆ ಗೆಳೆಯನ ಕೈ ಕೊಯ್ದು ರಕ್ತ ಬರುತ್ತದೆ. ಕಟ್ಟಲು ಬೇರೆ ಏನೂ ಇಲ್ಲ. ರೋ ಆ ನೀಲಿ ಬಟ್ಟೆಯನ್ನು ಹಿಡಿದು ಒಂದು ಕ್ಷಣ ತಡೆಯುತ್ತಾನೆ. ನಂತರ ಅದನ್ನು ಹರಿದು ಕಟ್ಟುತ್ತಾನೆ. ಮಾತೇ ಇಲ್ಲ. ರೆನೆ ಲಮೇರ್ ನಿಜವಾಗಿ ಇದ್ದವಳು. 1944ರ ಕ್ರಿಸ್‌ಮಸ್ ಹಿಂದಿನ ರಾತ್ರಿ ಬಾಂಬ್ ದಾಳಿಯಲ್ಲಿ ತೀರಿಕೊಂಡಳು.

ಒಂದು ಕಡೆ ಮಾತ್ರ ನನಗೆ ಬೇಜಾರಾಯಿತು. ಮೂರನೆಯ ಕಂತಿನ ಸೈನಿಕ ಆಲ್ಬರ್ಟ್ ಬ್ಲೈತ್ ಗಾಯದಿಂದ ಚೇತರಿಸಿಕೊಳ್ಳದೆ 1948ರಲ್ಲಿ ಸತ್ತ ಎಂದು ಬರೆದು ತೋರಿಸುತ್ತಾರೆ. ನಿಜದಲ್ಲಿ ಆತ ಗುಣವಾಗಿ ಸೈನ್ಯದಲ್ಲೇ ಮುಂದುವರಿದ, ಕೊರಿಯಾ ಯುದ್ಧಕ್ಕೂ ಹೋದ, ತೀರಿಕೊಂಡಿದ್ದು 1967ರಲ್ಲಿ. ಇಷ್ಟು ಕಾಳಜಿಯಿಂದ ಮಾಡಿದವರು ಬದುಕಿದ್ದ ಮನುಷ್ಯನನ್ನು ಸಾಯಿಸಿಬಿಡಬಾರದಿತ್ತು. ಅವನ ಮನೆಯವರು ಅದನ್ನು ನೋಡಿರುತ್ತಾರಲ್ಲ.

ಈಗ ನಿಮ್ಮ ಪ್ರಶ್ನೆ. ಹಿಮದಲ್ಲಿ ಕೂತ ಸೈನಿಕ ನಮಗೆ ಪರಕೀಯನಲ್ಲ. ನಮ್ಮ ಕುಂದಗೋಳ ತಾಲೂಕಿನ ಬೆಟದೂರಿನ ಹನುಮಂತಪ್ಪ ಕೊಪ್ಪದ ಅವರನ್ನು ನೆನಪಿಸಿಕೊಳ್ಳಿ. 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ ಹಿಮ ಕುಸಿದು ಹತ್ತು ಯೋಧರು ಸಿಕ್ಕಿಬಿದ್ದರು. ಆರು ದಿನ ಹಿಮದಡಿ ಇದ್ದು ಉಸಿರು ಹಿಡಿದುಕೊಂಡಿದ್ದವರು ಕೊಪ್ಪದ ಒಬ್ಬರೇ. ಆಗ ಇಲ್ಲಿ ದೇವರಿಗೆ ಕೈಮುಗಿಯದ ಮನೆ ಇರಲಿಲ್ಲ. 11ರಂದು ದೆಹಲಿಯ ಆಸ್ಪತ್ರೆಯಲ್ಲಿ ಅವರು ಹೋದರು. ಅವತ್ತು ಅತ್ತ ಊರು ಇದು. ಬಾಸ್ಟೋನ್ ಹುಡುಗರಿಗೆ ನಿಮ್ಮ ಕಣ್ಣು ತುಂಬಿದ್ದರಲ್ಲಿ ಆಶ್ಚರ್ಯವೇನು?

ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಕಾಕಾ ಅವರ ಸಾಲು. ಬೆಳಗಾವಿಯ ಮರಾಠಾ ರೆಜಿಮೆಂಟ್ ಸೆಂಟರಿನಲ್ಲಿ ತರಬೇತಿ ಪಡೆದು ಹದಿನೇಳು ವರ್ಷ ಸೇವೆ ಮಾಡಿ ಬಂದವರು, ಮನೆಯಲ್ಲಿ ಒಂದು ದಿನವೂ ಅದರ ಬಗ್ಗೆ ಮಾತಾಡಿಲ್ಲ ಎಂದು ಬರೆದಿದ್ದೀರಿ. ಧಾರಾವಾಹಿಯ ಕಂತುಗಳ ಶುರುವಿನಲ್ಲಿ ಮಾತಾಡುವ ಆ ಮುದುಕರನ್ನು ನೋಡಿ. ನಿಜವಾದ ಸೈನಿಕರು. ನಾಲ್ಕು ಮಾತು ಆಡುತ್ತಾರೆ, ಗಂಟಲು ಕಟ್ಟುತ್ತದೆ, ಸುಮ್ಮನಾಗುತ್ತಾರೆ. ಅವರ ಹೆಸರು ಗೊತ್ತಾಗುವುದು ಕೊನೆಯ ಕಂತಿನಲ್ಲೇ.

ಕಾಕಾ ಅವರನ್ನು ಯುದ್ಧದ ಬಗ್ಗೆ ಕೇಳಬೇಡಿ. ಚಳಿಯಲ್ಲಿ ಏನು ಉಣ್ಣುತ್ತಿದ್ದಿರಿ, ಬೂಟು ಒದ್ದೆಯಾದರೆ ಎಲ್ಲಿ ಒಣಗಿಸುತ್ತಿದ್ದಿರಿ, ಊರಿನಿಂದ ಪತ್ರ ಬರಲು ಎಷ್ಟು ದಿನ ಆಗುತ್ತಿತ್ತು ಎಂದು ಕೇಳಿ. ಸಂಜೆ ಚಹಾ ಹೊತ್ತಿನಲ್ಲಿ, ಟಿವಿ ಬಂದ್ ಮಾಡಿ. ಹೇಳಿದರೆ ಅವರ ಮಾತಿನಲ್ಲೇ ಬರೆದುಕೊಳ್ಳಿ, ತಿದ್ದಬೇಡಿ. ಅವರು ಒಪ್ಪಿದರೆ ಮಾತ್ರ ನಮಗೆ ಕಳಿಸಿ. ಎರಡು ಪುಟ ನಿಮಗಾಗಿ ಇಟ್ಟಿರುತ್ತೇನೆ.

ಸಂಪಾದಕ