ಟರ್ಬೋ ರೋಟರಿ ಕಾರನ್ನು ಡೈನೋ ಮೇಲೆ ಟ್ಯೂನ್ ಮಾಡಿಸುವಾಗ ಏನೇನು ನೋಡಬೇಕು?

ನಿಮ್ಮ ಪ್ರಶ್ನೆ ಇದು: ಮೆಲ್ಬರ್ನ್‌ನಲ್ಲಿ 1993ರ ಮಾಜ್ದಾ ಆರ್‌ಎಕ್ಸ್-7 (ಟರ್ಬೋ ಇರುವ ರೋಟರಿ ಕಾರು) ತಗೊಂಡಿದ್ದೀರಿ. ಡೌನ್‌ಪೈಪ್ (ಟರ್ಬೋದಿಂದ ಹೊಗೆ ಒಯ್ಯುವ ಪೈಪ್), ಎಕ್ಸಾಸ್ಟ್, ಏರ್ ಫಿಲ್ಟರ್, ಹೊಸ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಹಾಕಿಸಿದ್ದೀರಿ. ಡೈನೋ (ಕಾರಿನ ಚಕ್ರಗಳನ್ನು ರೋಲರ್ ಮೇಲೆ ಓಡಿಸಿ ಪವರ್ ಅಳೆಯುವ ಯಂತ್ರ) ಮೇಲೆ ಟ್ಯೂನಿಂಗ್‌ಗೆ ದಿನ ನಿಗದಿಯಾಗಿದೆ. ಚಕ್ರದಲ್ಲಿ ಎಷ್ಟು ಕಿಲೋವ್ಯಾಟ್ ಬರಬಹುದು, ಡೈನೋ ಮೇಲೆ ರೋಟರಿ ಎಂಜಿನ್ ಒಡೆದುಹೋಗುತ್ತೆ ಅನ್ನುವುದು ನಿಜವಾ ಅಂತ ಕೇಳಿದ್ದೀರಿ.

ನಾನೂ ಇದೇ ಊರಿನವನು, ನನ್ನ ಹತ್ತಿರ ಇರುವುದೂ ಇದೇ ಎಫ್‌ಡಿ ಮಾಡೆಲ್. ಎರಡನೇ ಪ್ರಶ್ನೆಗೆ ಮೊದಲು ಉತ್ತರ ಹೇಳುತ್ತೇನೆ. ಡೈನೋ ತಾನಾಗಿ ಎಂಜಿನ್ನನ್ನು ಒಡೆಯುವುದಿಲ್ಲ. ಪೆಟ್ರೋಲ್ ಸಾಲದೆ, ಬೂಸ್ಟ್ (ಟರ್ಬೋ ಗಾಳಿ ತುಂಬುವ ಒತ್ತಡ) ಏರಿ, ಇಗ್ನಿಷನ್ ಟೈಮಿಂಗ್ ಮುಂದೆ ಹೋಗಿ (ಅಂದರೆ ಕಿಡಿ ಬೇಗ ಹಾರಿ) ಡಿಟೊನೇಶನ್ ಆದರೆ, ಅಂದರೆ ಒಳಗಿನ ಗಾಳಿ-ಪೆಟ್ರೋಲ್ ಹದವಾಗಿ ಉರಿಯದೆ ಸಿಡಿದರೆ, ಎಂಜಿನ್ ಒಡೆಯುತ್ತದೆ. ರಸ್ತೆಯಲ್ಲೂ ಅಷ್ಟೇ, ಡೈನೋ ಮೇಲೂ ಅಷ್ಟೇ. ಡೈನೋ ಮೇಲೆ ಒಬ್ಬರು ಗೆರೆಗಳನ್ನೇ ನೋಡುತ್ತಾ ಕೂತಿರುತ್ತಾರೆ, ಏನಾದರೂ ಕೆಟ್ಟರೆ ಆ ಕ್ಷಣ ಆಕ್ಸಿಲರೇಟರ್ ಬಿಡುತ್ತಾರೆ. ಹಾಗಾಗಿ ಅದೇ ಸುರಕ್ಷಿತ ಜಾಗ. ಆದರೆ ಟ್ಯೂನರ್ ಆಗಲಿ ನೀವಾಗಲಿ ನಂಬರ್ ಹಿಂದೆ ಬಿದ್ದರೆ ಈ ಮಾತು ನಿಲ್ಲುವುದಿಲ್ಲ.

ಪಿಸ್ಟನ್ ಕಾರಿನ ಅಭ್ಯಾಸ ಇಲ್ಲಿ ಯಾಕೆ ನಡೆಯುವುದಿಲ್ಲ ಅಂದರೆ, ಇದರಲ್ಲಿ ಪಿಸ್ಟನ್ ಬದಲು ಮೂರು ಮೂಲೆಯ ರೋಟರ್ ತಿರುಗುತ್ತದೆ. ಒಂದೊಂದು ಮೂಲೆಗೂ ಒಂದು ಏಪೆಕ್ಸ್ ಸೀಲ್, ಅಂದರೆ ಗಾಳಿ ಸೋರದಂತೆ ತಡೆಯುವ ಪಟ್ಟಿ. ನಿಮ್ಮ 13ಬಿ-ಆರ್‌ಇಡಬ್ಲ್ಯು ಎಂಜಿನ್‌ನಲ್ಲಿ ಅದರ ದಪ್ಪ ಬರೀ 2 ಮಿಲಿಮೀಟರ್. ಪಿಸ್ಟನ್ ಎಂಜಿನ್ ಸ್ವಲ್ಪ ನಾಕ್ (ಅದೇ ಡಿಟೊನೇಶನ್) ಆದರೆ ಎಷ್ಟೋ ಸಲ ತಡೆದುಕೊಳ್ಳುತ್ತದೆ. ಇಲ್ಲಿ ಒಂದೇ ಒಂದು ಜೋರಾದ ಹೊಡೆತಕ್ಕೆ ಸೀಲ್ ಬಿರುಕು ಬಿಡಬಹುದು. ಮುರಿದ ತುಂಡು ಎಕ್ಸಾಸ್ಟ್ ಪೋರ್ಟ್‌ನಿಂದ ಹೊರಗೆ ಹೋಗಿ ನೇರವಾಗಿ ಟರ್ಬೋದ ರೆಕ್ಕೆಗೆ ಬಡಿಯುತ್ತದೆ. ಎಂಜಿನ್ ಜೊತೆ ಟರ್ಬೋನೂ ಹೋಯಿತು.

ಹಾಗಂತ ಇದು ಬಡಪಾಯಿ ಎಂಜಿನ್ ಅಂತ ಮಾತ್ರ ತಿಳಿಯಬೇಡಿ. ಆಸ್ಟ್ರೇಲಿಯಾದ ಬ್ಯಾಥರ್ಸ್ಟ್ 12 ಗಂಟೆ ರೇಸನ್ನು 1992, 1993, 1994ರಲ್ಲಿ ಸತತವಾಗಿ ಗೆದ್ದದ್ದು ಇದೇ ಆರ್‌ಎಕ್ಸ್-7. 1995ರಲ್ಲಿ ಆ ರೇಸ್ ಈಸ್ಟರ್ನ್ ಕ್ರೀಕ್ ಟ್ರ್ಯಾಕ್‌ಗೆ ಹೋದಾಗಲೂ ಇದೇ ಗೆದ್ದಿತು. ಅದೂ ಶೋರೂಮ್ ಕಾರುಗಳ ರೇಸ್. ಪೆಟ್ರೋಲ್, ತಂಪು, ಟೈಮಿಂಗ್ ಸರಿಯಿದ್ದರೆ ಗಂಟೆಗಟ್ಟಲೆ ತುಳಿದರೂ ಇದು ಓಡುತ್ತದೆ.

ಡೈನೋಗೆ ಹೋಗುವ ಮೊದಲು ಕಂಪ್ರೆಷನ್ (ಎಂಜಿನ್ ಒಳಗೆ ಗಾಳಿ ಎಷ್ಟು ಒತ್ತುತ್ತದೆ ಅನ್ನುವುದು) ನೋಡಿಸಿ. ಮಾಮೂಲಿ ಗೇಜ್ ಬೇಡ. ಅದು ಒಂದು ರೋಟರ್‌ನ ಮೂರು ಮುಖಗಳಲ್ಲಿ ಯಾವುದು ಚೆನ್ನಾಗಿದೆಯೋ ಅದರ ನಂಬರನ್ನಷ್ಟೇ ಹಿಡಿದಿಟ್ಟು ತೋರಿಸುತ್ತದೆ. ಕೆಟ್ಟ ಸೀಲ್ ಅದರ ಮರೆಯಲ್ಲಿ ಉಳಿದುಬಿಡುತ್ತದೆ. ರೋಟರಿಗೆ ಅಂತಲೇ ಇರುವ ಟೆಸ್ಟರ್ ಮೂರೂ ಮುಖಗಳನ್ನು ಬೇರೆ ಬೇರೆ ಬರೆಯುತ್ತದೆ, ಕ್ರ್ಯಾಂಕ್ ಆಗುವ ವೇಗವನ್ನೂ ಲೆಕ್ಕಕ್ಕೆ ತಗೊಳ್ಳುತ್ತದೆ. ಮೂರರ ನಡುವೆ ವ್ಯತ್ಯಾಸ ಜಾಸ್ತಿ ಇದ್ದರೆ ಟ್ಯೂನಿಂಗ್ ಮುಂದಕ್ಕೆ ಹಾಕಿ. 30 ವರ್ಷ ದಾಟಿದ ಕಾರು ಅಲ್ವಾ, ಪೆಟ್ರೋಲ್ ಪಂಪ್, ಫಿಲ್ಟರ್, ಪ್ಲಗ್, ಪ್ಲಗ್ ವೈರ್ ಹೊಸದು ಹಾಕಿಸಿಕೊಂಡೇ ಹೋಗಿ. ಟ್ಯಾಂಕ್‌ನಲ್ಲಿ ನೀವು ದಿನಾ ಹಾಕಿಸುವ 98 ಆಕ್ಟೇನ್ ಪೆಟ್ರೋಲೇ ಇರಲಿ.

ಡೈನೋದವರಿಗೆ ರೋಟರಿ ಗೊತ್ತಾ ಅಂತ ತಿಳಿಯಲು ಒಂದು ಸಣ್ಣ ವಿಷಯ ಗಮನಿಸಿ. ಆರ್‌ಪಿಎಂ ಓದಲು ಪ್ಲಗ್ ವೈರ್‌ಗೆ ಒಂದು ಕ್ಲಿಪ್ ಹಾಕುತ್ತಾರೆ. ಮಾಮೂಲಿ ಫೋರ್-ಸ್ಟ್ರೋಕ್ ಎಂಜಿನ್‌ನಲ್ಲಿ ಒಂದು ಪ್ಲಗ್ ಎರಡು ಸುತ್ತಿಗೆ ಒಂದು ಸಲ ಕಿಡಿ ಕೊಡುತ್ತದೆ. ಎಫ್‌ಡಿಯ ಎಂಜಿನ್‌ನಲ್ಲಿ ಎರಡು ರೋಟರ್, ಒಂದೊಂದಕ್ಕೂ ಲೀಡಿಂಗ್, ಟ್ರೇಲಿಂಗ್ ಅಂತ ಎರಡು ಪ್ಲಗ್. ಟ್ರೇಲಿಂಗ್ ಪ್ಲಗ್ ಪ್ರತಿ ಸುತ್ತಿಗೂ ಒಂದು ಸಲ. ಲೀಡಿಂಗ್ ಪ್ಲಗ್‌ಗಳಿಗೆ ಎರಡೂ ರೋಟರ್ ಸೇರಿ ಒಂದೇ ಕಾಯಿಲ್ ಇರುವುದರಿಂದ ಸುತ್ತಿಗೆ ಎರಡು ಸಲ. ಸೆಟ್ಟಿಂಗ್ ಬದಲಾಯಿಸದೆ ಸುಮ್ನೆ ಕ್ಲಿಪ್ ಹಾಕಿದರೆ ಆರ್‌ಪಿಎಂ ಎರಡು ಪಟ್ಟೋ ನಾಲ್ಕು ಪಟ್ಟೋ ತೋರಿಸುತ್ತದೆ. ಪವರ್ ಲೆಕ್ಕ ರೋಲರ್‌ನಿಂದ ಬರುವುದರಿಂದ ಅದು ಸರಿಯಾಗೇ ಇರುತ್ತದೆ. ಟಾರ್ಕ್ ಮಾತ್ರ ಅರ್ಧಕ್ಕೋ ಕಾಲಿಗೋ ಇಳಿಯುತ್ತದೆ. ರೋಟರಿ ಕೆಲಸ ಮಾಡಿದವರು ಕೇಳದೆಯೇ ಕ್ಲಿಪ್ಪನ್ನು ಟ್ರೇಲಿಂಗ್ ವೈರ್‌ಗೆ ಹಾಕಿ ಸೆಟ್ಟಿಂಗ್ ಬದಲಾಯಿಸುತ್ತಾರೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಗ್ರಾಫ್ ಬಂದ ಕೂಡಲೇ ಎಲ್ಲರ ಕಣ್ಣೂ ಪವರ್ ಗೆರೆಯ ತುದಿಗೆ ಹೋಗುತ್ತದೆ. ನೀವು ಮೊದಲು ಗಾಳಿ-ಪೆಟ್ರೋಲ್ ಅನುಪಾತದ (ತೂಕದಲ್ಲಿ ಒಂದು ಪಾಲು ಪೆಟ್ರೋಲ್‌ಗೆ ಎಷ್ಟು ಪಾಲು ಗಾಳಿ) ಗೆರೆ ನೋಡಿ. ಟರ್ಬೋ ಪಿಸ್ಟನ್ ಕಾರಿಗೆ 11.5ರಿಂದ 12 ಇಟ್ಟರೆ ಟ್ಯೂನರ್‌ಗಳಿಗೆ ಸಮಾಧಾನ. ರೋಟರಿಗೆ ಪೂರ್ತಿ ಬೂಸ್ಟ್‌ನಲ್ಲಿ ಸುಮಾರು 11 ಇರಲಿ ಅಂತ ನಾನು ಹೇಳುತ್ತೇನೆ. ಜಾಸ್ತಿ ಪೆಟ್ರೋಲ್ ಸುಡುವುದು ದುಂದು ಅನ್ನಿಸಬಹುದು, ಆದರೆ ಆ ಪೆಟ್ರೋಲೇ ಒಳಗಿನ ಬಿಸಿ ತಗ್ಗಿಸುವುದು. 11ರಿಂದ 12ಕ್ಕೆ ತಂದರೆ ಸ್ವಲ್ಪ ಪವರ್ ಸಿಗುತ್ತದೆ. ಅದಕ್ಕೆ ನೀವು ಅಡ ಇಡುವುದು ಇಡೀ ಎಂಜಿನ್ನನ್ನು.

ಇದರಲ್ಲೇ ಒಂದು ಗಂಟು ಇದೆ. ಮೇಲಿನ ಆರ್‌ಪಿಎಂನಲ್ಲಿ, ಬೂಸ್ಟ್ ಪೂರ್ತಿ ಇದ್ದಾಗ, ಗೆರೆ ಇದ್ದಕ್ಕಿದ್ದಂತೆ ಲೀನ್ (ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ) ಕಡೆಗೆ ಜಿಗಿದರೆ ಪೆಟ್ರೋಲ್ ಕಮ್ಮಿಯಾಗಿದೆ ಅಂತಲೇ ಅರ್ಥವಲ್ಲ. ಕಿಡಿ ತಪ್ಪಿದ್ದರೂ ಹಾಗೇ ಕಾಣುತ್ತದೆ. ಉರಿಯದೆ ಉಳಿದ ಆಮ್ಲಜನಕ ಎಕ್ಸಾಸ್ಟ್‌ಗೆ ಬರುತ್ತದೆ, ವೈಡ್‌ಬ್ಯಾಂಡ್ ಸೆನ್ಸರ್ ಓದುವುದು ಅದನ್ನೇ. ರೋಟರಿ ಗೊತ್ತಿಲ್ಲದವರು ಅದನ್ನು ನೋಡಿ ಇನ್ನಷ್ಟು ಪೆಟ್ರೋಲ್ ಸೇರಿಸುತ್ತಾರೆ. ಕಿಡಿ ಇನ್ನೂ ಜಾಸ್ತಿ ತಪ್ಪುತ್ತದೆ. ಪವರ್ ಗೆರೆಯನ್ನೂ ಜೊತೆಗೇ ನೋಡಬೇಕು. ಆ ಜಾಗದಲ್ಲಿ ಅದು ಗರಗಸದ ಹಲ್ಲಿನಂತೆ ಕುಣಿಯುತ್ತಿದ್ದರೆ ಪ್ಲಗ್, ವೈರ್, ಕಾಯಿಲ್ ಕಡೆಗೆ ನೋಡಿ. ಏನು ಅಂತ ಗೊತ್ತಾಗುವವರೆಗೆ ಇನ್ನೊಂದು ರನ್ (ಡೈನೋ ಮೇಲೆ ಪೂರ್ತಿ ತುಳಿದು ಅಳೆಯುವ ಓಟ) ಬೇಡ.

ಟೈಮಿಂಗ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಲೀಡಿಂಗ್ ಪ್ಲಗ್ ಮೊದಲು, ಟ್ರೇಲಿಂಗ್ ಆಮೇಲೆ. ಪೂರ್ತಿ ಬೂಸ್ಟ್‌ನಲ್ಲಿ ಎರಡರ ನಡುವೆ 10ರಿಂದ 15 ಡಿಗ್ರಿ ಅಂತರ ಇಡುವುದು ರೂಢಿ. ನಾಕ್ ಆಗುವವರೆಗೆ ಮುಂದೆ ತಳ್ಳಿ ಸ್ವಲ್ಪ ಹಿಂದಕ್ಕೆ ತರುವ ಪದ್ಧತಿ ಪಿಸ್ಟನ್ ಕಾರಿಗೆ ಸರಿ. ಇಲ್ಲಿ ಯಾರಾದರೂ ಹಾಗೆ ಮಾಡುತ್ತೇನೆ ಅಂದರೆ ಕೀ ವಾಪಸ್ ತಗೊಂಡು ಮನೆಗೆ ಬನ್ನಿ.

ನಿಮ್ಮ ಕಾರಿನಲ್ಲಿ ಕಂಪನಿಯ ಎರಡು ಟರ್ಬೋನೂ ಇವೆ ಅಂತ ಬರೆದಿದ್ದೀರಿ. ಮೊದಲನೆಯದು ಕೆಳಗಿನ ಆರ್‌ಪಿಎಂನಲ್ಲೇ 10 ಪಿಎಸ್‌ಐ (ಒತ್ತಡದ ಅಳತೆ) ಹತ್ತಿರ ಬೂಸ್ಟ್ ಕೊಡುತ್ತದೆ. ಸುಮಾರು 4,500ಕ್ಕೆ ಎರಡನೆಯದು ಸೇರುತ್ತದೆ. ಆಗ ಬೂಸ್ಟ್ ಒಂದು ಕ್ಷಣ 8ಕ್ಕೆ ಇಳಿದು ಮತ್ತೆ 10ಕ್ಕೆ ಬರಬೇಕು. ಸಣ್ಣ ಕುಳಿ ಇದ್ದರೆ ಆರೋಗ್ಯದ ಲಕ್ಷಣ. ಕುಳಿ ಆಳ ಇದ್ದರೆ, ಅಥವಾ 4,500 ಆದಮೇಲೆ ಬೂಸ್ಟ್ ಮೇಲೇಳದೇ ಇದ್ದರೆ ಅದು ಟ್ಯೂನಿಂಗ್ ದೋಷವಲ್ಲ. ಈ ವ್ಯವಸ್ಥೆಯನ್ನು ನಡೆಸುವ ರಬ್ಬರ್ ವ್ಯಾಕ್ಯೂಮ್ ಪೈಪ್‌ಗಳು, ಸೊಲೆನಾಯ್ಡ್‌ಗಳು ಇಂಟೇಕ್ ಅಡಿಯಲ್ಲಿ ಬೆಂದು ಗಟ್ಟಿಯಾಗಿರುತ್ತವೆ. ಲ್ಯಾಪ್‌ಟಾಪ್‌ನಲ್ಲಿ ಅದಕ್ಕೆ ಮದ್ದಿಲ್ಲ. ರನ್ ನಾಲ್ಕನೇ ಗೇರ್‌ನಲ್ಲಿ ಮಾಡಲಿ, ಅದರ ಅನುಪಾತ 1:1. ಶುರು 2,500ರ ಸುತ್ತ ಮಾಡಿದರೆ ಈ ಜಾಗ ಪೂರ್ತಿ ಕಾಣುತ್ತದೆ.

ಡೌನ್‌ಪೈಪ್ ಹಾಕಿಸಿದ್ದೀರಿ, ಹೊಗೆಯ ವಿಷ ತಗ್ಗಿಸುವ ಮುಖ್ಯ ಕ್ಯಾಟಲಿಟಿಕ್ ಕನ್ವರ್ಟರ್ ಮಾತ್ರ ತೆಗೆಸಬೇಡಿ. ರಸ್ತೆಗೆ ಅದಿಲ್ಲದೆ ಓಡಿಸುವುದು ಇಲ್ಲಿ ಕಾನೂನಿಗೆ ವಿರುದ್ಧ. ಅದಲ್ಲದೆ, ಎಕ್ಸಾಸ್ಟ್ ತೀರಾ ಸಲೀಸಾದರೆ ಕಂಪನಿಯ ಸಣ್ಣ ವೇಸ್ಟ್‌ಗೇಟ್‌ಗೆ ಅಷ್ಟು ಹೊಗೆಯನ್ನು ಪಕ್ಕಕ್ಕೆ ಬಿಡಲು ಆಗುವುದಿಲ್ಲ. ನೀವು ಇಟ್ಟ ಮಿತಿ ದಾಟಿ ಬೂಸ್ಟ್ ತಾನೇ ಏರುತ್ತಾ ಹೋಗುತ್ತದೆ. ಇದರಲ್ಲಿ ನಿಜವಾದ ಅಪಾಯ ಏನೆಂದರೆ ಡೈನೋ ಶೆಡ್ಡಿನ ಬೆಚ್ಚಗಿನ ಗಾಳಿಯಲ್ಲಿ ಅದು ಕಾಣದೇ ಹೋಗಬಹುದು. ಜುಲೈ ರಾತ್ರಿಯ ಚಳಿಯಲ್ಲಿ, ಫ್ರೀವೇನಲ್ಲಿ, ಮೇಲಿನ ಗೇರ್‌ನಲ್ಲಿ ಅದೇ ಕಾರು ಎರಡು ಮೂರು ಪಿಎಸ್‌ಐ ಜಾಸ್ತಿ ತೋರಿಸುತ್ತದೆ. ಇಸಿಯು ಆಗ ತನ್ನ ಮ್ಯಾಪ್‌ನಲ್ಲಿ (ಎಷ್ಟು ಬೂಸ್ಟ್‌ಗೆ ಎಷ್ಟು ಪೆಟ್ರೋಲ್, ಎಷ್ಟು ಟೈಮಿಂಗ್ ಅನ್ನುವ ಪಟ್ಟಿ) ಡೈನೋ ಮೇಲೆ ಯಾರೂ ಮುಟ್ಟದ ಖಾನೆಗಳನ್ನು ಓದುತ್ತದೆ. ಅದಕ್ಕೇ ಆ ಖಾನೆಗಳಿಗೂ ಪೆಟ್ರೋಲ್ ಜಾಸ್ತಿ, ಟೈಮಿಂಗ್ ಕಮ್ಮಿ ಮಾಡಿ ತುಂಬಿಸಿ, ಬೂಸ್ಟ್ ಮಿತಿ ದಾಟಿದರೆ ಪೆಟ್ರೋಲ್ ಕಟ್ ಆಗುವ ಹಾಗೆ ಇಡಿಸಿ.

ರನ್‌ಗಳ ನಡುವೆ ಕಾರು ತಣ್ಣಗಾಗಲಿ. ಟರ್ಬೋದ ಬಿಸಿ ಗಾಳಿಯನ್ನು ತಂಪು ಮಾಡುವ ಕಂಪನಿಯ ಇಂಟರ್‌ಕೂಲರ್ ಚಿಕ್ಕದು, ಫ್ಯಾನ್ ಎಷ್ಟು ದೊಡ್ಡದಿದ್ದರೂ ರಸ್ತೆಯ ಗಾಳಿಗೆ ಸಮವಲ್ಲ. ಬೆನ್ನು ಬೆನ್ನಿಗೆ ಮೂರು ರನ್ ಮಾಡಿದರೆ ಒಳಗೆ ಹೋಗುವ ಗಾಳಿ ಬಿಸಿಯಾಗಿ ಪವರ್ ಇಳಿಯುತ್ತದೆ, ಡಿಟೊನೇಶನ್ ಹತ್ತಿರವಾಗುತ್ತದೆ. ಗಂಟೆ ಲೆಕ್ಕದಲ್ಲಿ ದುಡ್ಡು ಕೊಡುತ್ತಿದ್ದರೂ ಇಲ್ಲಿ ಅವಸರ ಮಾಡಬೇಡಿ.

ಇನ್ನು ನಿಮ್ಮ ಮೊದಲ ಪ್ರಶ್ನೆ, ಎಷ್ಟು ಬರುತ್ತೆ? ಆ ಕಾಲದ ಜಪಾನ್ ಕಾರಿಗೆ ಮಾಜ್ದಾ ಹೇಳಿದ್ದು ಎಂಜಿನ್‌ನಲ್ಲಿ 255 ಪಿಎಸ್, ಅಂದರೆ ಸುಮಾರು 188 ಕಿಲೋವ್ಯಾಟ್. ಚಕ್ರಕ್ಕೆ ಬರುವಾಗ ಅದರಲ್ಲಿ ಒಂದು ಪಾಲು ಕಳೆಯುತ್ತದೆ. ಮೇಲಿನ ಮಿತಿಯನ್ನು ನೀವೇ ಲೆಕ್ಕ ಹಾಕಬಹುದು. ಪೆಟ್ರೋಲ್ ಸಿಂಪಡಿಸುವ ಕಂಪನಿಯ ಇಂಜೆಕ್ಟರ್‌ಗಳು ನಾಲ್ಕು: ಎರಡು 550 ಸಿಸಿ, ಎರಡು 850 ಸಿಸಿ. ಒಟ್ಟು ನಿಮಿಷಕ್ಕೆ 2,800 ಸಿಸಿ. ಶೇ. 85ಕ್ಕಿಂತ ಜಾಸ್ತಿ ಹೊತ್ತು ತೆರೆದಿಡಬಾರದು, ಹಾಗಾಗಿ ಗಂಟೆಗೆ ಸುಮಾರು 143 ಲೀಟರ್, ತೂಕದಲ್ಲಿ 106 ಕಿಲೋ. ಟರ್ಬೋ ರೋಟರಿ ಒಂದು ಕಿಲೋವ್ಯಾಟ್‌ಗೆ ಗಂಟೆಗೆ ಹೆಚ್ಚೂಕಮ್ಮಿ 400 ಗ್ರಾಂ ಕುಡಿಯುತ್ತದೆ. ಭಾಗಿಸಿದರೆ ಎಂಜಿನ್‌ನಲ್ಲಿ 265, ಚಕ್ರದಲ್ಲಿ ಸುಮಾರು 220 ಕಿಲೋವ್ಯಾಟ್. ಇದು ಕಟ್ಟಕಡೆಯ ಗೆರೆ, ಗುರಿ ಅಲ್ಲ. ಕಂಪನಿಯ ಇಂಟರ್‌ಕೂಲರ್ ಇಟ್ಟುಕೊಂಡು 10 ಪಿಎಸ್‌ಐ ಬೂಸ್ಟ್‌ನಲ್ಲೇ ಟ್ಯೂನ್ ಮಾಡಿಸಿ, ಬಂದಷ್ಟು ಬರಲಿ ಅನ್ನುವುದು ನನ್ನ ಸಲಹೆ. ಗೆಳೆಯರ ಶೀಟ್ ಪಕ್ಕಕ್ಕಿಟ್ಟು ಹೋಲಿಸಬೇಡಿ. ಡೈನೋದಿಂದ ಡೈನೋಗೆ, ಹವಾ ತಿದ್ದುಪಡಿಯ ಲೆಕ್ಕದಿಂದ ಲೆಕ್ಕಕ್ಕೆ ನಂಬರ್ ಬದಲಾಗುತ್ತದೆ. ಅದೇ ಡೈನೋ, ಅದೇ ದಿನ, ಟ್ಯೂನಿಂಗ್‌ಗೆ ಮುಂಚೆ ಒಂದು ರನ್, ಆಮೇಲೆ ಒಂದು. ಆ ಎರಡನ್ನು ಹೋಲಿಸಿ ನೋಡಿ.

ಬರುವಾಗ ಶೀಟ್ ಒಂದೇ ಅಲ್ಲ, ಇಸಿಯು ಮ್ಯಾಪ್ ಫೈಲ್, ಪ್ರತಿ ರನ್‌ನ ಲಾಗ್ ಕೂಡ ಕೇಳಿ ತಗೊಳ್ಳಿ. ಮೊದಲ ಚಳಿ ಬಂದಾಗ ರಸ್ತೆಯಲ್ಲೂ ಒಂದು ಲಾಗ್ ಮಾಡಿ ಟ್ಯೂನರ್‌ಗೆ ಕಳಿಸಿ. ಶೀಟ್ ಬಂದ ಮೇಲೆ ಇಲ್ಲೇ ಫೋಟೋ ಹಾಕಿ, 4,500ರ ಸುತ್ತಮುತ್ತ ಗೆರೆ ಹೇಗಿದೆ ಅಂತ ನೋಡಿ ಹೇಳುತ್ತೇನೆ.