ಡಿಸ್ಕ್ ಕೈಯಲ್ಲೇ ಇತ್ತು, ಆಟ ಇರಲಿಲ್ಲ

ಪುಣೆಯಲ್ಲಿದ್ದೀರಿ. 3,999 ರೂಪಾಯಿ ಕೊಟ್ಟು ಡೌನ್‌ಲೋಡ್ ಮಾಡಿಕೊಂಡ ಕಾರ್ ರೇಸಿಂಗ್ ಆಟಕ್ಕೆ ಮಾರ್ಚ್‌ನಲ್ಲಿ ಸರ್ವರ್, ಅಂದರೆ ಆಟ ನಡೆಸೋ ಕಂಪನಿಯ ಕಂಪ್ಯೂಟರ್, ಬಂದ್ ಅಂತ ನೋಟಿಸ್ ಬಂದಿದೆ. ಇನ್ಮೇಲೆ ಡಿಸ್ಕ್ ಮಾತ್ರ ತಗೊಂಡರೆ ಈ ಗೋಳು ತಪ್ಪುತ್ತಾ ಅಂತ ಕೇಳಿದ್ದೀರಿ. ತಪ್ಪುವುದಿಲ್ಲ. ನಾನು ಡಿಸ್ಕನ್ನೇ ತಗೊಂಡಿದ್ದೆ. ಈಗಲೂ ಅದು ನಮ್ಮ ಟಿವಿ ಸ್ಟ್ಯಾಂಡಿನ ಕೆಳಗಿನ ಖಾನೆಯಲ್ಲಿದೆ, ಒಂದು ಗೀರೂ ಬಿದ್ದಿಲ್ಲ.

2018ರ ಜುಲೈ. ಮನೆ ಡೊಂಬಿವಲಿ ಪೂರ್ವದಲ್ಲಿ, ಕೆಲಸ ಥಾಣೆಯಲ್ಲಿ. ಟಿವಿಗೆ ಸೇರಿಸಿ ಆಡೋ ಯಂತ್ರ, ಸೆಕೆಂಡ್ ಹ್ಯಾಂಡ್ ಪ್ಲೇಸ್ಟೇಷನ್ 4, ತಗೊಂಡು ತಿಂಗಳಾಗಿತ್ತು. ಒಂದು ಶನಿವಾರ ದಾದರ್‌ನಲ್ಲಿ ಟ್ರೇನ್ ಬದಲಿಸಿ ಗ್ರಾಂಟ್ ರೋಡ್‌ನಲ್ಲಿ ಇಳಿದು, ಮಳೆಯಲ್ಲೇ ಲ್ಯಾಮಿಂಗ್ಟನ್ ರೋಡಿಗೆ ಹೋದೆ. ಆನ್‌ಲೈನ್ ಅಂಗಡಿಯಲ್ಲಿ ಅದೇ ಆಟ 200 ರೂಪಾಯಿ ಕಡಿಮೆಗೆ ಸಿಗುತ್ತಿತ್ತು. ಆದರೂ 3,499 ಕೊಟ್ಟು ಡಿಸ್ಕ್ ತಗೊಂಡೆ. ಕೈಯಲ್ಲಿ ವಸ್ತು ಇದ್ದರೆ ಅದು ನಮ್ಮದು, ಯಾರೂ ಬಂದು ಎತ್ತಿಕೊಂಡು ಹೋಗುವುದಿಲ್ಲ ಅನ್ನೋ ಲೆಕ್ಕ ನನ್ನದು. ಅಂಗಡಿಯವನು ರಸೀದಿಯ ಹಿಂದೆ ಪೆನ್ನಿನಲ್ಲಿ ಬರೆದುಕೊಟ್ಟ: 15 ದಿನದೊಳಗೆ ತಂದರೆ 500 ಮುರಿದು ಬಾಕಿ ವಾಪಸ್. ಆ ರಸೀದಿ ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತೆ.

ಆಟದ ಹೆಸರಾಗಲಿ ಕಂಪನಿಯ ಹೆಸರಾಗಲಿ ಹೇಳುವುದಿಲ್ಲ. ದೊಡ್ಡ ನಕ್ಷೆ, ಊರುಗಳು, ಬೆಟ್ಟ, ಸಮುದ್ರದ ದಂಡೆಯ ಉದ್ದದ ರಸ್ತೆ. ಬೇರೆಯವರ ಜೊತೆ ರೇಸ್ ಮಾಡಬಹುದು. ಬೇಡ ಅಂದರೆ ಒಬ್ಬನೇ ಎಷ್ಟು ಹೊತ್ತಾದರೂ ಕಾರು ಓಡಿಸಬಹುದು.

ಅದನ್ನು ನಿಜವಾಗಿ ಆಡಿದವರು ನಮ್ಮ ಅಪ್ಪ. ಕುಂದಾಪುರದ ಕಡೆಯವರು. 31 ವರ್ಷ ಮಾಟುಂಗದ ಒಂದು ಹೋಟೆಲಿನ ಅಡುಗೆಮನೆಯಲ್ಲಿ ನಿಂತು ನಿಂತು ಮಂಡಿ ಹೋಗಿತ್ತು. ನಿವೃತ್ತಿ ಆದಮೇಲೆ ಮೂರು ಮಹಡಿ ಇಳಿದು ಹತ್ತೋದೇ ಕಷ್ಟ. ಜೀವನದಲ್ಲಿ ಕಾರು ಓಡಿಸಿದವರಲ್ಲ. ಒಂದು ಭಾನುವಾರ ಕಂಟ್ರೋಲರ್ ಕೈಗೆ ಕೊಟ್ಟೆ. ರೇಸಿನ ಗೊಡವೆಗೇ ಹೋಗಲಿಲ್ಲ. ಸಮುದ್ರದ ರಸ್ತೆ ಹಿಡಿದು ಗಂಟೆಗೆ 40 ಕಿಲೋಮೀಟರಿನಲ್ಲಿ ಹೊರಟರು. ಸಿಗ್ನಲ್ ಕೆಂಪಾದರೆ ನಿಲ್ಲಿಸೋರು. ಹಿಂದಿನ ಗಾಡಿ ಹಾರ್ನ್ ಹೊಡೆದರೆ ಪಕ್ಕಕ್ಕೆ ಸರಿಯೋರು. "ಥೇಟ್ ಮರವಂತೆ" ಅಂದರು. ಮರವಂತೆ ನೋಡಿದ್ದೀರಾ? ಹೆದ್ದಾರಿಯ ಒಂದು ಪಕ್ಕ ಅರಬ್ಬಿ ಸಮುದ್ರ, ಇನ್ನೊಂದು ಪಕ್ಕ ಸೌಪರ್ಣಿಕಾ ಹೊಳೆ. ಆಟದಲ್ಲಿ ಹೊಳೆ ಇರಲಿಲ್ಲ, ಅಪ್ಪನಿಗೆ ಅದೇನೂ ಅಡ್ಡಿ ಆಗಲಿಲ್ಲ. ಐದು ವರ್ಷ, ಹೆಚ್ಚುಕಡಿಮೆ ದಿನಾ ಸಂಜೆ ಚಹಾ ಕುಡಿದು ಅರ್ಧ ಗಂಟೆ ಅದೇ ರಸ್ತೆ. ಒಂದು ಬಿಳಿ ಹಳೇ ಕಾರು ಇಟ್ಟುಕೊಂಡಿದ್ದರು, ಬದಲಿಸಲೇ ಇಲ್ಲ. ನಾನು ಮಾತ್ರ ಕಾರುಗಳ ಪ್ಯಾಕ್ ಅಂತ ಇನ್ನೂ 2,200 ರೂಪಾಯಿ ಸುರಿದೆ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಇದನ್ನು ಸ್ವಲ್ಪ ಜಾಸ್ತಿಯೇ ಬಿಡಿಸಿ ಹೇಳುತ್ತೇನೆ, ಯಾಕಂದರೆ ಆಟ ನಿಂತಾಗಿನಿಂದ ತಲೆಯಲ್ಲಿ ಇದೇ ಸುತ್ತುತ್ತಿದೆ.

ಆಟ ತಂದು ಐದನೇ ದಿನ ಜೋರು ಮಳೆ. ನಮ್ಮ ಬಿಲ್ಡಿಂಗಿಗೆ ಬರೋ ನೆಟ್ ಕೇಬಲ್ ಕಡಿದು ಹೋಯಿತು. ಕರೆಂಟ್ ಇತ್ತು, ಟಿವಿ ಇತ್ತು, ನೆಟ್ ಇಲ್ಲ. ಹೇಗೂ ರಜೆ ಹಾಕಿದ್ದೆ, ಒಬ್ಬನೇ ಆಡೋಣ ಅಂತ ಡಿಸ್ಕ್ ಹಾಕಿದೆ. ಸಂಗೀತ ಬಂತು, ಹೆಸರು ಬಂತು. ಆಮೇಲೆ ನೀಲಿ ಪಟ್ಟಿಯಲ್ಲಿ ಒಂದು ಸಾಲು: ಸರ್ವರ್ ಸಂಪರ್ಕ ಸಿಗುತ್ತಿಲ್ಲ, ನಂತರ ಪ್ರಯತ್ನಿಸಿ. ಬಟನ್ ಒತ್ತಿದರೆ ಮತ್ತೆ ಅದೇ ಸಾಲು. ಕೇಬಲ್ ಹುಡುಗನಿಗೆ ಫೋನ್ ಮಾಡಿದೆ. "ಉದ್ಯಾ ಯೇತೋ" ಅಂದ. ಆ ನಾಳೆ ಬರಲು ಎರಡು ದಿನ ಹಿಡಿಯಿತು. ನೆಟ್ ಬಂದಮೇಲೆ ಆಟವೂ ಶುರುವಾಯಿತು. ನಾನು ಖುಷಿಯಾಗಿ ಕೂತು ಆಡಿದೆ, ವಿಷಯ ಅಲ್ಲಿಗೇ ಮರೆತೆ.

ಅದೇ ತಪ್ಪು. ನೆಟ್ ಇಲ್ಲ, ಅದಕ್ಕೇ ಆಟ ನಡೆಯುತ್ತಿಲ್ಲ ಅಂತ ಕೇಬಲಿನವನಿಗೆ ಬೈದೆ. ನಾನು ಕೇಳಬೇಕಾಗಿದ್ದ ಪ್ರಶ್ನೆ ಬೇರೆ. ನಾನೊಬ್ಬನೇ ಓಡಿಸೋ ಕಾರಿಗೆ, ನನ್ನ ಮನೆಯಲ್ಲಿರೋ ಡಿಸ್ಕಿಗೆ, ನನ್ನ ಟಿವಿಗೆ ಇನ್ಯಾರದೋ ಕಂಪ್ಯೂಟರಿನ ಅಪ್ಪಣೆ ಯಾಕೆ ಬೇಕು? ಇವತ್ತು ನನ್ನ ಕಡೆಯ ತಂತಿ ಕಡಿದಿದೆ, ನಾಳೆ ಅವರೇ ಆ ಕಡೆಯಿಂದ ತಂತಿ ಕಿತ್ತರೆ? ಇಷ್ಟು ಯೋಚಿಸೋಕೆ ದೊಡ್ಡ ತಿಳಿವಳಿಕೆ ಬೇಕಿರಲಿಲ್ಲ. ಎರಡು ದಿನ ಆ ಸಾಲು ನನ್ನ ಮುಖಕ್ಕೇ ಹೇಳುತ್ತಿತ್ತು. ರಸೀದಿ ಪರ್ಸಿನಲ್ಲಿತ್ತು, ಇನ್ನೂ ಹತ್ತು ದಿನ ಬಾಕಿ. ಗ್ರಾಂಟ್ ರೋಡಿಗೆ ಹೋಗಿ 2,999 ವಾಪಸ್ ತಂದು, ನೆಟ್ ಇಲ್ಲದೆ ನಡೆಯೋ ಬೇರೆ ಯಾವುದಾದರೂ ಆಟ ತರಬಹುದಿತ್ತು. ಆಗ ಅಪ್ಪ ಆ ಬೇರೆ ಆಟದ ರಸ್ತೆಯಲ್ಲಿ ಐದು ವರ್ಷ ಓಡಿಸಿರೋರು. ಅದು ಇವತ್ತಿಗೂ ನಡೆಯುತ್ತಿರೋದು.

2023ರಲ್ಲಿ ನೋಟಿಸ್ ಬಂತು, ನಿಮಗೆ ಬಂದ ಹಾಗೇ. ತೊಂಬತ್ತು ದಿನ, ಧನ್ಯವಾದ, ಮರೆಯಲಾಗದ ಪಯಣ, ಹೀಗೆಲ್ಲ. ಕೊನೆಯ ದಿನದ ಮರುದಿನ ಸಂಜೆ ಅಪ್ಪ ಚಹಾ ಮುಗಿಸಿ ಡಿಸ್ಕ್ ಹಾಕಿದರು. ಸಂಗೀತ ಬಂತು, ಹೆಸರು ಬಂತು. ಆಮೇಲೆ ಅದೇ ನೀಲಿ ಪಟ್ಟಿ, ಅದೇ ಸಾಲು: ಸರ್ವರ್ ಸಂಪರ್ಕ ಸಿಗುತ್ತಿಲ್ಲ, ನಂತರ ಪ್ರಯತ್ನಿಸಿ. ಐದು ವರ್ಷದ ಹಿಂದೆ ಮಳೆಯ ದಿನ ಕಂಡದ್ದಕ್ಕೂ ಇದಕ್ಕೂ ಒಂದಕ್ಷರ ವ್ಯತ್ಯಾಸವಿಲ್ಲ. ಅಪ್ಪ ಬಟನ್ ಒತ್ತಿ ಒತ್ತಿ ನೋಡಿದರು. "ಮಳೆಯೂ ಇಲ್ಲವಲ್ಲ" ಅಂದರು.

ವಿಷಯ ತಿಳಿಸಿ ಹೇಳಿದೆ. ಅವರು ಕೇಳಿದ್ದು ಒಂದೇ ಮಾತು: "ಉಳಿದ ಕೂಪನ್‌ಗೆ ದುಡ್ಡು ಕೊಡಲಿಲ್ವಾ?" ಮಾಟುಂಗಕ್ಕೆ ಬರೋ ಮೊದಲು ಅಪ್ಪ ಫೋರ್ಟ್ ಕಡೆಯ ಒಂದು ಸಣ್ಣ ಹೋಟೆಲಿನಲ್ಲಿದ್ದರು. ಆಫೀಸಿನ ಹುಡುಗರು ತಿಂಗಳಿಗೆ ಊಟದ ಕೂಪನ್ ಪುಸ್ತಕ ತಗೊಳ್ಳೋರು. ಹೋಟೆಲ್ ಮುಚ್ಚಿದಾಗ ಮಾಲೀಕರು ಮೂರು ದಿನ ಗಲ್ಲೆಯಲ್ಲೇ ಕೂತು, ಒಬ್ಬೊಬ್ಬರ ಪುಸ್ತಕದಲ್ಲಿ ಉಳಿದ ಕೂಪನ್ ಎಣಿಸಿ ದುಡ್ಡು ವಾಪಸ್ ಕೊಟ್ಟರಂತೆ. ಅಪ್ಪ ಪಕ್ಕದಲ್ಲಿ ನಿಂತು ಹರಿದ ಕೂಪನ್ ಡಬ್ಬಿಗೆ ಹಾಕುತ್ತಿದ್ದರು. ಅವರಿಗೆ ವ್ಯಾಪಾರ ಮುಚ್ಚೋದು ಅಂದರೆ ಅದು. ಇಲ್ಲಿ ನಮಗೆ ಸಿಕ್ಕಿದ್ದು ಆಟದ ಎರಡನೇ ಭಾಗಕ್ಕೆ ಶೇಕಡಾ 30 ರಿಯಾಯಿತಿ.

ಹಾಗಾಗಿ ಡಿಸ್ಕೋ ಡೌನ್‌ಲೋಡೋ ಅನ್ನೋ ಪ್ರಶ್ನೆಯನ್ನೇ ಬಿಟ್ಟುಬಿಡಿ. ಈ ಥರದ ಆಟದ ಡಿಸ್ಕಿನಲ್ಲಿ ಇರೋದು ಚಿತ್ರ, ಸದ್ದು, ರಸ್ತೆ. ನಿಮ್ಮ ಕಾರುಗಳು, ಗಳಿಸಿದ ದುಡ್ಡು, ಎಲ್ಲಿವರೆಗೆ ಆಡಿದ್ದೀರಿ ಅನ್ನೋ ಲೆಕ್ಕ ಎಲ್ಲ ಅವರ ಸರ್ವರಿನಲ್ಲಿ. ಆಟ ಶುರುವಾಗುವಾಗ ಅಲ್ಲಿಗೆ ಕೇಳುತ್ತೆ, ಇವನು ಯಾರು, ಇವನ ಹತ್ತಿರ ಏನೇನಿದೆ ಅಂತ. ಉತ್ತರ ಬರದಿದ್ದರೆ ಬಾಗಿಲಲ್ಲೇ ನಿಲ್ಲುತ್ತೆ. ಡಿಸ್ಕ್ ಬರೀ ಬೀಗದ ಕೈ, ಮನೆ ಅವರ ಜಾಗದಲ್ಲಿದೆ.

ಮುಂದಿನ ಸಲ ಏನು ಮಾಡಬೇಕು ಅಂದರೆ, ಆಟ ತಂದ ದಿನವೇ ನೆಟ್ ತಂತಿ ಕೀಳಿ. ವೈಫೈ ಆದರೆ ಆಫ್ ಮಾಡಿ. ಆಟ ಶುರು ಮಾಡಿ, ಅರ್ಧ ಗಂಟೆ ಆಡಿ, ಸೇವ್ ಮಾಡಿ, ಪೂರ್ತಿ ಬಂದ್ ಮಾಡಿ ಮತ್ತೆ ಶುರು ಮಾಡಿ. ನಿಮ್ಮ ಸೇವ್ ಅಲ್ಲೇ ಇದ್ದರೆ ಆಟ ಇಟ್ಟುಕೊಳ್ಳಿ, ಇಲ್ಲದಿದ್ದರೆ ವಾಪಸ್ ಮಾಡಿ. ಕಂಪ್ಯೂಟರ್ ಆಟಗಳ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಖರೀದಿಸಿ 14 ದಿನದೊಳಗೆ, ಆಡಿದ್ದು ಎರಡು ಗಂಟೆಗಿಂತ ಕಡಿಮೆ ಇದ್ದರೆ ದುಡ್ಡು ವಾಪಸ್ ಕೇಳಬಹುದು. ಈ ಪರೀಕ್ಷೆಗೆ ಅಷ್ಟು ಸಮಯ ಧಾರಾಳ. ಕಂಪ್ಯೂಟರ್ ಇದ್ದರೆ ಜಿಒಜಿ ಅನ್ನೋ ಇನ್ನೊಂದು ಆನ್‌ಲೈನ್ ಅಂಗಡಿ ನೋಡಿ. ಅಲ್ಲಿ ಆಟದ ಇನ್‌ಸ್ಟಾಲರ್ ಫೈಲನ್ನೇ ಕೊಡುತ್ತಾರೆ, ಬೀಗ ಇಲ್ಲ, ನಿಮ್ಮ ಹಾರ್ಡ್ ಡಿಸ್ಕಿನಲ್ಲಿ ಇಟ್ಟುಕೊಳ್ಳಬಹುದು. ಅಂಗಡಿ ಮುಚ್ಚಿದರೂ ಆ ಫೈಲ್ ನಿಮ್ಮ ಹತ್ತಿರವೇ ಉಳಿಯುತ್ತೆ.

ನಿಮ್ಮ ಆಟದ ಕಂಪನಿಯೂ ಎರಡನೇ ಭಾಗಕ್ಕೆ ರಿಯಾಯಿತಿ ಕೊಡುತ್ತೆ ಅಂದಿದ್ದೀರಿ, ತಗೊಳ್ಳಲಾ ಅಂತ ಕೇಳಿದ್ದೀರಿ. ಬೇಡ. ಮೊದಲನೆಯದನ್ನು ಕಿತ್ತುಕೊಂಡವರಿಗೆ ಎರಡನೆಯದಕ್ಕೆ ದುಡ್ಡು ಕೊಡಬೇಡಿ. ನೆಟ್ ಇಲ್ಲದೆ ನಡೆಯುತ್ತೆ ಅಂತ ಅವರು ಬರೆದುಕೊಟ್ಟರೆ ಆಗ ಯೋಚಿಸಿ.

'ಸರ್ವರ್ ಇಲ್ಲದೆ ಈ ಆಟ ನಡೆಸೋಕೆ ಆಗಲ್ಲ' ಅಂತ ಅವರು ಹೇಳಿದ್ದನ್ನು ನೀವು ನಂಬಿಬಿಟ್ಟಿದ್ದೀರಿ, ಅದಕ್ಕೆ ನನ್ನ ಒಪ್ಪಿಗೆ ಇಲ್ಲ. 2013ರ ಮಾರ್ಚ್‌ನಲ್ಲಿ ಸಿಮ್‌ಸಿಟಿ ಅನ್ನೋ ಊರು ಕಟ್ಟೋ ಆಟ ಬಂದಾಗಲೂ ಇದೇ ಮಾತು. ಒಬ್ಬನೇ ಊರು ಕಟ್ಟಿದರೂ ನೆಟ್ ಬೇಕೇ ಬೇಕು ಅಂದರು. ಮೊದಲ ದಿನಗಳಲ್ಲೇ ಸರ್ವರ್ ಕುಸಿದು ದುಡ್ಡು ಕೊಟ್ಟವರು ಬಾಗಿಲಲ್ಲಿ ನಿಂತರು. ಒಂದು ವರ್ಷ ಕಳೆದು 2014ರ ಮಾರ್ಚ್‌ನಲ್ಲಿ ನೆಟ್ ಇಲ್ಲದೆ ಆಡೋ ವ್ಯವಸ್ಥೆ ಬಂದೇ ಬಂತು. ಅದೇ 2013ರಲ್ಲಿ ಮೈಕ್ರೋಸಾಫ್ಟ್, ತನ್ನ ಹೊಸ ಆಟದ ಯಂತ್ರ ಎಕ್ಸ್‌ಬಾಕ್ಸ್ ಒನ್ ದಿನಕ್ಕೊಮ್ಮೆ ನೆಟ್‌ಗೆ ಸೇರಲೇಬೇಕು ಅಂತ ಘೋಷಿಸಿತ್ತು. ಹಳೇ ಡಿಸ್ಕ್ ಕೈ ಬದಲಾಗೋದಕ್ಕೂ ಕಟ್ಟುಪಾಡು ಹಾಕಿತ್ತು. ಜನ ಕೂಗೆಬ್ಬಿಸಿದರು. ಯಂತ್ರ ಮಾರುಕಟ್ಟೆಗೆ ಬರೋ ಮೊದಲೇ, ಜೂನ್‌ನಲ್ಲಿ, ಎರಡನ್ನೂ ಕೈಬಿಟ್ಟಿತು.

ಯೂಬಿಸಾಫ್ಟ್ ಕಂಪನಿಯ ಕಾರ್ ರೇಸಿಂಗ್ ಆಟ 'ದ ಕ್ರೂ' ಕಥೆ ನಿಮಗೆ ಗೊತ್ತಿರಬಹುದು. ನನ್ನ ಆಟ ಅದಲ್ಲ. 2014ರ ಡಿಸೆಂಬರ್‌ನಲ್ಲಿ ಬಂದ ಆಟದ ಸರ್ವರ್ 2024ರ ಮಾರ್ಚ್ 31ಕ್ಕೆ ನಿಂತಿತು. ಒಬ್ಬನೇ ಆಡೋ ಭಾಗವೂ ಅದರ ಜೊತೆಗೇ ಹೋಯಿತು. ಅದಾದ ಮೇಲೆ ರಾಸ್ ಸ್ಕಾಟ್ ಅನ್ನೋ ಯೂಟ್ಯೂಬರ್ 'ಸ್ಟಾಪ್ ಕಿಲ್ಲಿಂಗ್ ಗೇಮ್ಸ್' ಚಳವಳಿ ಶುರು ಮಾಡಿದರು. ಯುರೋಪಿಯನ್ ಒಕ್ಕೂಟದಲ್ಲಿ ನಾಗರಿಕರ ಮನವಿಗೆ ಬೇಕಾಗಿದ್ದು 10 ಲಕ್ಷ ಸಹಿ. 2025ರ ಜುಲೈ ಮುಗಿಯೋ ಹೊತ್ತಿಗೆ 14 ಲಕ್ಷ ದಾಟಿತ್ತು. ಸರ್ವರ್ ಎಂದೆಂದಿಗೂ ನಡೆಸಿ ಅಂತ ಅವರು ಕೇಳುತ್ತಿಲ್ಲ. ಹೋಗುವಾಗ ಆಟವನ್ನು ಆಡೋ ಸ್ಥಿತಿಯಲ್ಲಿ ಬಿಟ್ಟುಹೋಗಿ ಅನ್ನುತ್ತಿದ್ದಾರೆ, ಅಷ್ಟೇ. ಆ ಮನವಿಗೆ ನಾವು ಸಹಿ ಹಾಕೋಕೆ ಆಗುತ್ತಿರಲಿಲ್ಲ, ಅದು ಅಲ್ಲಿನ ನಾಗರಿಕರಿಗೆ ಮಾತ್ರ. ಕ್ಯಾಲಿಫೋರ್ನಿಯಾದಲ್ಲಿ 2025ರಿಂದ, ಕೊಡೋದು ಬರೀ ಪರವಾನಗಿ ಅಂತ ಗಿರಾಕಿಗೆ ಸ್ಪಷ್ಟವಾಗಿ ತಿಳಿಸದೆ ಡಿಜಿಟಲ್ ಆಟಕ್ಕೆ 'ಕೊಳ್ಳಿ' ಅಂತ ಬರೆಯುವ ಹಾಗಿಲ್ಲ.

ನಮ್ಮಲ್ಲಿ ಏನೂ ದಾರಿ ಇಲ್ಲ ಅಂತ ಅಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇ-ಕಾಮರ್ಸ್ ಅಂದಾಗ ಡಿಜಿಟಲ್ ಉತ್ಪನ್ನಗಳನ್ನೂ ಸೇರಿಸಿಯೇ ಹೇಳುತ್ತೆ. ಕಂಪನಿ ಎಲ್ಲೇ ಇರಲಿ, ನೀವು ವಾಸ ಇರೋ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು, ಅಂದರೆ ಪುಣೆಯಲ್ಲೇ. ಕೊಟ್ಟ ಬೆಲೆ 5 ಲಕ್ಷದೊಳಗೆ ಇದ್ದರೆ ಶುಲ್ಕ ಇಲ್ಲ. ದೂರಿಗೆ ಕಾರಣ ಆದ ದಿನದಿಂದ ಎರಡು ವರ್ಷದೊಳಗೆ ಕೊಡಬೇಕು. ಅದಕ್ಕೂ ಮೊದಲು ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಗೆಲ್ಲುತ್ತೀರಿ ಅಂತ ಮಾತು ಕೊಡೋಕೆ ನನ್ನಿಂದ ಆಗಲ್ಲ. ಆದರೆ ಖರೀದಿಯ ರಸೀದಿ, ಬಂದ ನೋಟಿಸು, ಖರೀದಿ ಪುಟದ ಸ್ಕ್ರೀನ್‌ಶಾಟ್ ಇವತ್ತೇ ತೆಗೆದಿಟ್ಟುಕೊಳ್ಳಿ. ಆಫ್‌ಲೈನ್ ಅಪ್‌ಡೇಟ್ ಕೊಡಿ, ಇಲ್ಲ ದುಡ್ಡು ಕೊಡಿ ಅಂತ ಕಂಪನಿಗೆ ಬರಹದಲ್ಲಿ ಕೇಳಿ. ನಾನು ಸುಮ್ನೆ ಬೇಜಾರು ಮಾಡಿಕೊಂಡು ಕೂತೆ.

ಬರೀ ಆಟಕ್ಕೆ ಇಷ್ಟು ಸಿಟ್ಟಾ ಅಂತ ಮನೆಯಲ್ಲಿ ಕೇಳುತ್ತಾರೆ ಅಂದಿದ್ದೀರಿ. ಇಷ್ಟು ಸಿಟ್ಟು ಬರಬೇಕು. ದುಡ್ಡು ಕೊಟ್ಟು ತಂದ ಕುರ್ಚಿಯನ್ನು ಅಂಗಡಿಯವನು ಐದು ವರ್ಷ ಬಿಟ್ಟು ಮನೆಗೆ ಬಂದು ಎತ್ತಿಕೊಂಡು ಹೋದರೆ ಅವರೂ ಸುಮ್ನೆ ಇರಲ್ಲ, ಅಲ್ವಾ?

ಅಪ್ಪನಿಗೆ ಆಮೇಲೆ ಬೇರೆ ಒಂದು ಲಾರಿ ಓಡಿಸೋ ಆಟ ತಂದುಕೊಟ್ಟೆ. ಮೊದಲ ದಿನವೇ ತಂತಿ ಕಿತ್ತು, ನಡೆಯುತ್ತೆ ಅಂತ ಖಾತ್ರಿ ಮಾಡಿಕೊಂಡೆ. ಆಡುತ್ತಾರೆ. ಅದರಲ್ಲಿ ಆ ಥರದ ಸಮುದ್ರದ ರಸ್ತೆ ಇಲ್ಲ.

ನಿಮಗೆ ಇನ್ನೂ ಮಾರ್ಚ್‌ವರೆಗೆ ಸಮಯ ಇದೆ. ಪ್ಲೇಸ್ಟೇಷನ್ 4 ಆದರೆ ಕಂಟ್ರೋಲರಿನಲ್ಲಿ ಶೇರ್ ಬಟನ್ ಇದೆ. ಅದರಿಂದ ಕಳೆದ 15 ನಿಮಿಷ ಆಡಿದ್ದು ವಿಡಿಯೊ ಆಗಿ ಉಳಿಯುತ್ತೆ. ನಿಮಗೆ ಇಷ್ಟದ ರಸ್ತೆಯಲ್ಲಿ ಒಮ್ಮೆ ನಿಧಾನವಾಗಿ ಹೋಗಿ, ಅದನ್ನು ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ. ತೊಂಬತ್ತು ದಿನ ಇತ್ತು, ನನಗೆ ಹೊಳೆಯಲಿಲ್ಲ. ಅಪ್ಪನ ಬಿಳಿ ಕಾರಿನ ಒಂದು ಫೋಟೊ ಕೂಡ ನಮ್ಮ ಹತ್ತಿರ ಇಲ್ಲ.